ನೇತ್ರಾಣಿ ಲಾಗ್: 5ನೇ ನಂಬರ್ ರೆಗ್ಯುಲೇಟರ್ ದೋಣಿಯಲ್ಲಿ ಮಾತ್ರ ಯಾಕೆ ಸೋರುತ್ತಿತ್ತು

ಕೊನೆಗೂ ಗೇಜಿನ ಮುಳ್ಳು ನಿಂತಿತು. ನಮ್ಮ ಡೈವಿಂಗ್ ಕ್ಲಬ್ಬಿನ 5ನೇ ನಂಬರ್ ರೆಗ್ಯುಲೇಟರಿನ (ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸುವ ಸಾಧನ) ಐಪಿ, ಅಂದರೆ ಹೋಸಿನೊಳಗಿನ ಮಧ್ಯಂತರ ಒತ್ತಡ, 9.4 ಬಾರ್‌ಗೆ ಬಂದು ಲಾಕ್ ಆಯಿತು, ಹದಿನೈದು ನಿಮಿಷ ಕಾದರೂ ಕೂದಲೆಳೆಯಷ್ಟೂ ಮೇಲೇರಲಿಲ್ಲ. ಅದೂ 200 ಬಾರ್ ತುಂಬಿದ ಸಿಲಿಂಡರಿನ ಮೇಲೆ. ಮೂರು ಸೀಟು (ವಾಲ್ವನ್ನು ಮುಚ್ಚುವ ಪುಟ್ಟ ಬಿಲ್ಲೆ) ಮತ್ತು ಒಂದು ಪಿಸ್ಟನ್ ತಿಂದ ಸಮಸ್ಯೆ ಮುರುಡೇಶ್ವರದ ಜಗಲಿಯೊಂದರ ಮೇಲೆ, ಶನಿವಾರ ಸಂಜೆ, ಬಗೆಹರಿಯಿತು.

ವಾರಾಂತ್ಯದ ಉಳಿದ ಸಂಗತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಬಂದವರಿಗೆಲ್ಲ ಗೊತ್ತಿರುವುದೇ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಬೆಳಿಗ್ಗೆ ದೋಣಿ, ಎರಡು ಡೈವ್. ಗಿಳಿಮೀನಿನ ಹಿಂಡು, ಬಂಡೆಯ ಸಂದಿಯಲ್ಲಿ ಒಂದು ಲಯನ್‌ಫಿಶ್, ನೀರು ತಿಳಿಯಾಗಿತ್ತು. ಅದನ್ನು ಇಲ್ಲಿಗೇ ಬಿಟ್ಟು ರೆಗ್ಯುಲೇಟರಿಗೆ ಬರೋಣ.

ರೆಗ್ಯುಲೇಟರಿಗೆ ಎರಡು ಹಂತ: ಸಿಲಿಂಡರಿಗೆ ಕೂರುವ ಫಸ್ಟ್ ಸ್ಟೇಜ್, ಹೋಸಿನ ತುದಿಯಲ್ಲಿ ಬಾಯಿಗಿಡುವ ಸೆಕೆಂಡ್ ಸ್ಟೇಜ್. ಇವೆರಡರ ನಡುವಿನ ಒತ್ತಡವೇ ಐಪಿ. ಲಕ್ಷಣ ಹೀಗಿತ್ತು. ದೋಣಿಯಲ್ಲಿ ವಾಲ್ವ್ ತೆರೆದು ಕಿಟ್ ಒರಗಿಸಿಟ್ಟರೆ ಎರಡು ಮೂರು ನಿಮಿಷಕ್ಕೆ ಪ್ರೈಮರಿ ಸೆಕೆಂಡ್ ಸ್ಟೇಜಿನಿಂದ ಸಣ್ಣಗೆ ಸುಸ್ ಎನ್ನುವ ಸದ್ದು. ಪರ್ಜ್ (ಗಾಳಿ ಬಿಡುವ ಗುಂಡಿ) ಒಮ್ಮೆ ಒತ್ತಿದರೆ ನಿಲ್ಲುತ್ತದೆ, ಮತ್ತೆ ಎರಡು ಮೂರು ನಿಮಿಷಕ್ಕೆ ಶುರು. ನೀರಿಗಿಳಿದರೆ ಮಾಯ, ಇಡೀ ಡೈವ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ. ಮೇಲೆ ಬಂದ ಮೇಲೆ 50 ಬಾರ್ ಉಳಿದಿರುವಾಗ ದೋಣಿಯಲ್ಲೂ ಸದ್ದಿಲ್ಲ. ಬೆಂಗಳೂರಿನ ಬೆಂಚಿನ ಮೇಲಂತೂ ನಿರ್ದೋಷಿ.

ಸದ್ದು ಬರುವ ಜಾಗದಲ್ಲೇ ದೋಷ ಹುಡುಕುವುದು ಸಹಜ. ಸೆಕೆಂಡ್ ಸ್ಟೇಜಿನ ಸೀಟು ಬದಲಾಯಿತು, ಆರಿಫೈಸ್ (ಗಾಳಿ ಬರುವ ತೂತು) ನೋಡಿದ್ದಾಯಿತು, ಲಿವರ್ ಎತ್ತರ ಮತ್ತೆ ಹೊಂದಿಸಿದ್ದಾಯಿತು. ಫಲವಿಲ್ಲ. ಸೆಕೆಂಡ್ ಸ್ಟೇಜ್ ಇಲ್ಲಿ ತನ್ನ ಕರ್ತವ್ಯವನ್ನೇ ಮಾಡುತ್ತಿತ್ತು. ಡೌನ್‌ಸ್ಟ್ರೀಮ್ ವಾಲ್ವ್ ಆದ್ದರಿಂದ ಹೋಸಿನಲ್ಲಿ ಒತ್ತಡ ಮಿತಿ ಮೀರಿದಾಗ ತಾನೇ ಬಾಯಿ ಬಿಟ್ಟು ಗಾಳಿ ಹೊರಹಾಕುತ್ತದೆ. ಪ್ರೈಮರಿಯನ್ನು ಹಗುರವಾಗಿ ಟ್ಯೂನ್ ಮಾಡಿರುತ್ತೇವೆ, ಆಕ್ಟೋಪಸ್ಸನ್ನು (ಹೆಚ್ಚುವರಿ ಸೆಕೆಂಡ್ ಸ್ಟೇಜ್) ಸ್ವಲ್ಪ ಬಿಗಿಯಾಗಿ. ಹಾಗಾಗಿ ಮೊದಲು ಸದ್ದು ಮಾಡುವುದು ಪ್ರೈಮರಿ.

ಐಪಿ ಗೇಜ್ ಹಾಕದೆ ಸೆಕೆಂಡ್ ಸ್ಟೇಜ್ ಬಿಚ್ಚಬಾರದು ಎಂಬುದು ಈಗ ಕ್ಲಬ್ಬಿನ ನಿಯಮ. ಗೇಜನ್ನು ಬಿಸಿಡಿ (ಗಾಳಿ ತುಂಬುವ ತೇಲುವ ಜಾಕೆಟ್) ಇನ್‌ಫ್ಲೇಟರ್ ಹೋಸಿಗೆ ಸಿಕ್ಕಿಸಿ, ಪರ್ಜ್ ಒತ್ತಿಕೊಂಡು ವಾಲ್ವನ್ನು ನಿಧಾನ ತೆರೆಯಿರಿ, ಆಮೇಲೆ ಪರ್ಜ್ ಬಿಡಿ. ಕನಿಷ್ಠ ಒಂದು ಸೆಕೆಂಡ್ ಸ್ಟೇಜ್ ಜೋಡಿಸಿರಲೇಬೇಕು. ಬರೀ ಪ್ಲಗ್ಗು, ಗೇಜು ಇಟ್ಟುಕೊಂಡು ಫಸ್ಟ್ ಸ್ಟೇಜಿಗೆ ಗಾಳಿ ಬಿಟ್ಟರೆ, ಸೀಟು ಕೈಕೊಟ್ಟಾಗ ಒತ್ತಡಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಮುಳ್ಳು ಒಂದು ಕಡೆ ನಿಂತರೂ ಸೋರಿದರೆ ದೋಷ ಸೆಕೆಂಡ್ ಸ್ಟೇಜಿನದು. ಮುಳ್ಳು ತೆವಳಿದರೆ ಫಸ್ಟ್ ಸ್ಟೇಜಿನದು.

ನಮ್ಮ ಬೆಂಚಿನಲ್ಲಿ ಮುಳ್ಳು ನಿಂತಿತ್ತು! ಎಲ್ಲರ ತಲೆ ಕೆಡಿಸಿದ್ದು ಇದೇ.

ಮೊದಲ ಅನುಮಾನ ಬಿಸಿಲಿನ ಮೇಲೆ, ಅದರಲ್ಲೂ ಅರ್ಧ ಸತ್ಯವಿದೆ. ಕಪ್ಪು ಹೋಸು ನೆರಳಿನ 25 ಡಿಗ್ರಿಯಿಂದ ಬಿಸಿಲಿನ 45ಕ್ಕೆ ಕಾದರೆ ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ, ಯಾವ ಸೋರಿಕೆಯೂ ಇಲ್ಲದೆ, ಸುಮಾರು 0.7 ಬಾರ್ ಏರುತ್ತದೆ. ಸರಿಯಾಗಿರುವ ರೆಗ್ಯುಲೇಟರನ್ನೂ ಬಿಸಿಲು ಕಳ್ಳನಂತೆ ತೋರಿಸಬಲ್ಲದು. ಪರೀಕ್ಷೆ ಸುಲಭ: ಹೋಸು ಕಾದ ಮೇಲೆ ಒಮ್ಮೆ ಪರ್ಜ್ ಮಾಡಿ. ಮುಳ್ಳು ಇಳಿದು ಅಲ್ಲೇ ನಿಂತರೆ ಬಿಸಿಲು, ಮತ್ತೆ ಹತ್ತಿದರೆ ಸೀಟು. 5ನೇ ನಂಬರ್ ಮತ್ತೆ ಹತ್ತಿತು. ತಾರ್ಪಾಲಿನ ನೆರಳಲ್ಲಿಟ್ಟರೂ ಹತ್ತಿತು: ಮೂರು ನಿಮಿಷಕ್ಕೆ 9.4ರಿಂದ 10.7.

ಬೆಂಗಳೂರಿನಲ್ಲಿ ಏರದ್ದು ಇಲ್ಲಿ ಏಕೆ ಏರಬೇಕು? ಎರಡೂ ಕಡೆಯ ಸಿಲಿಂಡರ್ ಒತ್ತಡ ಬರೆದು ಪಕ್ಕಪಕ್ಕದಲ್ಲಿಟ್ಟಾಗ ಉತ್ತರ ಕಣ್ಣಿಗೆ ಬಿತ್ತು. ಬೆಂಚಿನಲ್ಲಿ ಬಳಸುತ್ತಿದ್ದುದು 60 ಬಾರ್ ಉಳಿದ ಹಳೆ ಸಿಲಿಂಡರ್. ದೋಣಿಯಲ್ಲಿ 200. ಸೀಟಿನ ಸೂಜಿಮೊನೆಯಷ್ಟು ಸಂದಿಯಲ್ಲಿ ನುಸುಳುವ ಗಾಳಿಯ ಪ್ರಮಾಣ, ಇಂಥ ಒತ್ತಡಗಳಲ್ಲಿ, ಸಿಲಿಂಡರಿನ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತದೆ. 200ರಲ್ಲಿ ನಿಮಿಷಕ್ಕೆ 0.43 ಬಾರ್ ಏರುವುದು 60ರಲ್ಲಿ 0.13. ನಮ್ಮ ಗೇಜಿನ ಒಂದು ಗೆರೆ 0.5 ಬಾರ್, ನೋಡುತ್ತಿದ್ದುದು ಎರಡು ನಿಮಿಷ. ಅಷ್ಟರಲ್ಲಿ ಮುಳ್ಳು ಅರ್ಧ ಗೆರೆ ಸರಿದಿರುತ್ತದೆ, ಕಣ್ಣು ಅದನ್ನು ಮನ್ನಿಸಿಬಿಡುತ್ತದೆ.

ನೀರಿನಲ್ಲಿ ಮಾಯವಾಗುವುದಕ್ಕೂ ಇದೇ ಲೆಕ್ಕ. ಹೋಸುಗಳ ಒಳಗಿನ ಜಾಗ ಒಟ್ಟು ಸುಮಾರು 50 ಮಿಲಿಲೀಟರ್. ಅಂದರೆ ಐಪಿ ಒಂದು ಬಾರ್ ಏರಲು 50 ಮಿಲಿಲೀಟರ್ ಗಾಳಿ ನುಸುಳಿದರೆ ಸಾಕು, ಒಂದು ಸಣ್ಣ ಲೋಟದ ಅರ್ಧದಷ್ಟು. ಆದರೆ ಡೈವರ್ ಪ್ರತಿ ಐದಾರು ಸೆಕೆಂಡಿಗೊಮ್ಮೆ ಉಸಿರೆಳೆಯುತ್ತಾನೆ, ಪ್ರತಿ ಉಸಿರೂ ಐಪಿಯನ್ನು ಮತ್ತೆ ಕೆಳಗೆ ತರುತ್ತದೆ. ಎರಡು ಉಸಿರಿನ ನಡುವೆ ಏರುವುದು 0.04 ಬಾರ್. ಸದ್ದು ಹುಟ್ಟಲು ಅದು ಸಾಲದು. ಆದ್ದರಿಂದ ‘ನೀರಲ್ಲಿ ಚೆನ್ನಾಗಿದೆ’ ಎಂಬ ಮಾತನ್ನು ಪ್ರಮಾಣಪತ್ರವೆಂದು ಯಾರೂ ತೆಗೆದುಕೊಳ್ಳಬೇಡಿ. ಸೀಟಿನ ಗಾಯ ದಿನೇದಿನೇ ಬೆಳೆಯುತ್ತದೆ, ಬೆಳೆದ ಗಾಯ 18 ಮೀಟರಿನಲ್ಲಿ ಫ್ರೀ ಫ್ಲೋ (ತಡೆಯಿಲ್ಲದೆ ಗಾಳಿ ನುಗ್ಗುವುದು) ಆಗಬಹುದು.

ಇನ್ನು ರಿಪೇರಿ. ನಮ್ಮದು ಬ್ಯಾಲೆನ್ಸ್‌ಡ್ ಪಿಸ್ಟನ್, ಐಪಿ ಹೊಂದಿಸುವುದು ಶಿಮ್ ಎಂಬ ತೆಳು ಬಿಲ್ಲೆಯಿಂದ. ಬಿಚ್ಚುವ ಮುನ್ನ ಫಸ್ಟ್ ಸ್ಟೇಜನ್ನು ಒತ್ತಡದಲ್ಲೇ ಬಕೆಟ್ ನೀರಿಗೆ ಇಳಿಸಿ ನೋಡಿದೆವು. ಸ್ಪ್ರಿಂಗ್ ಕೋಣೆಯ ತೂತುಗಳಿಂದ ಗುಳ್ಳೆ ಬಂದಿದ್ದರೆ ಪಿಸ್ಟನ್ನಿನ ಓ-ರಿಂಗುಗಳ (ರಬ್ಬರ್ ಉಂಗುರಗಳ) ಕಡೆ ಹೋಗಬೇಕಿತ್ತು. ಬರಲಿಲ್ಲ. ಉಳಿದದ್ದು ಎರಡೇ, ಎಚ್‌ಪಿ (ಹೆಚ್ಚು ಒತ್ತಡದ ಕಡೆಯ) ಸೀಟು ಮತ್ತು ಅದರ ಮೇಲೆ ಕೂರುವ ಪಿಸ್ಟನ್ನಿನ ಚೂಪು ಅಂಚು.

ಇನ್‌ಲೆಟ್ ಫಿಲ್ಟರಿನ ಅಂಚು ಹಸಿರಾಗಿತ್ತು. ಹಸಿರೆಂದರೆ ಒಳಗೆ ನೀರು ಹೋಗಿದೆ. (ಕೆಂಪಾಗಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು, ಕಪ್ಪಾಗಿದ್ದರೆ ಕಂಪ್ರೆಸರ್ ಫಿಲ್ಟರಿನ ಇದ್ದಿಲು.) ನೀರು ಹೋಗುವ ದಾರಿಗಳೂ ಪರಿಚಿತವೇ: ಒದ್ದೆ ಡಸ್ಟ್ ಕ್ಯಾಪ್ ಹಾಗೇ ಮುಚ್ಚುವುದು, ತೊಳೆಯುವ ಟಬ್ಬಿನಲ್ಲಿ ಒತ್ತಡವಿಲ್ಲದ ರೆಗ್ಯುಲೇಟರಿನ ಪರ್ಜ್ ಒತ್ತುವುದು. ಎರಡನೆಯದು ಮಹಾ ಅಪಾಯಕಾರಿ, ನೀರು ಹೋಸಿನಗುಂಟ ಹಿಮ್ಮುಖವಾಗಿ ಫಸ್ಟ್ ಸ್ಟೇಜ್‌ವರೆಗೆ ಹೋಗುತ್ತದೆ. ಹಳೆ ಸೀಟಿನ ಉಂಗುರದ ಗೆರೆಯ ಮೇಲೆ ಉಪ್ಪಿನ ಒಂದು ಬಿಳಿ ಚುಕ್ಕೆ ಸ್ಪಷ್ಟವಾಗಿ ಅಂಟಿತ್ತು. ಸೀಟು ಬದಲಾದ ಮೇಲೆ ಏರಿಕೆ ಅರ್ಧಕ್ಕೆ ಇಳಿಯಿತು, ನಿಲ್ಲಲಿಲ್ಲ.

ಎರಡನೇ ಸೀಟಿನ ಕಥೆ ಕಿಟ್ ಮಾರುವವರದು. ‘ಫುಲ್ ಸರ್ವಿಸ್ ಕಿಟ್’ ಎಂದು ಹಣ ಪಡೆದು ಕಳಿಸಿದ್ದು ಓ-ರಿಂಗ್ ಪೊಟ್ಟಣ ಮಾತ್ರ. ಸೀಟು ಕೇಳಿದ್ದಕ್ಕೆ ಆರು ವಾರದ ನಂತರ ಬಂದದ್ದು ಬೇರೆ ಮಾಡೆಲಿನದು. ವ್ಯಾಸ ಸರಿ, ದಪ್ಪ ಹೆಚ್ಚು. ದಪ್ಪ ಹೆಚ್ಚಿದ್ದರೆ ಪಿಸ್ಟನ್ ಬೇಗ ಮುಚ್ಚಿಕೊಂಡು ಐಪಿ ಕೆಳಗೆ ಲಾಕ್ ಆಗುತ್ತದೆ, ಆಳದಲ್ಲಿ ಉಸಿರು ಭಾರವಾಗುತ್ತದೆ. ಆರ್ಡರ್ ಮಾಡುವಾಗ ಮಾಡೆಲ್ ಹೆಸರು ಸಾಲದು, ಪಾರ್ಟ್ ನಂಬರ್ ಬರೆಯಿರಿ, ಬಂದ ಸೀಟನ್ನು ಹಳೆಯದರ ಪಕ್ಕ ಕ್ಯಾಲಿಪರ್‌ನಿಂದ ಅಳೆಯಿರಿ. ಸಿಲಿಂಡರ್ ವಾಲ್ವಿನ 014 ಓ-ರಿಂಗ್ ಕೂಡ 90 ಡ್ಯೂರೋ (ರಬ್ಬರಿನ ಗಡಸುತನದ ಅಳತೆ) ಎಂದು ಕೇಳಿಯೇ ತರಬೇಕು. ಅಂಗಡಿಯ ಮಿಶ್ರ ಡಬ್ಬಿಯ 70 ಡ್ಯೂರೋ ಮೆತ್ತಗಿದ್ದು 200 ಬಾರ್‌ಗೆ ಹಿಂಡಿ ಹೊರಬರುತ್ತದೆ.

ಮೂರನೇ ಸೀಟು ಸರಿಯಾದದ್ದೇ. ಆದರೂ ಏರಿತು. ಆಗ ಪಿಸ್ಟನ್ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಕೆಳಗೆ ಹೋಯಿತು. ಬೆಳಕನ್ನು ಅಡ್ಡಡ್ಡ ಬಿಟ್ಟು ಅಂಚನ್ನು ನಿಧಾನ ತಿರುಗಿಸಿದರೆ ಸುತ್ತ ಒಂದೇ ಸಮನೆ ಹೊಳೆಯುವ ಬಳೆ. ಒಂದು ಕಡೆ ಮಾತ್ರ ಹೊಳಪು ಕಡಿದು, ನುಚ್ಚಕ್ಕಿಯ ಮೂಲೆಯಂತೆ ಚಿಕ್ಕ ಕಚ್ಚು. ಹತ್ತಿಯ ಎಳೆಯನ್ನು ಅಂಚಿನ ಸುತ್ತ ಎಳೆದಾಗ ಅದೇ ಜಾಗದಲ್ಲಿ ಸಿಕ್ಕಿಕೊಂಡಿತು. ಹಿಂದಿನ ಸರ್ವಿಸ್‌ನಲ್ಲಿ ಓ-ರಿಂಗ್ ಕೀಳಲು ಯಾರೋ ಉಕ್ಕಿನ ಪಿಕ್ ಬಳಸಿದ್ದಕ್ಕೆ ಬಾಡಿಯೊಳಗೆ ಗೀರುಗಳೂ ಇದ್ದವು. ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಪಿಕ್ ಬಿಟ್ಟು ಬೇರೇನೂ ಫಸ್ಟ್ ಸ್ಟೇಜಿನ ಹತ್ತಿರ ಸುಳಿಯಬಾರದು. ಕಚ್ಚನ್ನು ಉಜ್ಜಿ ನಯ ಮಾಡುವ ಆಸೆ ಹುಟ್ಟುತ್ತದೆ, ಬೇಡ. ಕೈಯಲ್ಲಿ ಉಜ್ಜಿದ ಅಂಚು ಮತ್ತೆ ಪೂರ್ತಿ ದುಂಡಗೆ, ಸಮತಲವಾಗಿ ಬರುವುದಿಲ್ಲ. ಹೊಸ ಪಿಸ್ಟನ್, ಹೊಸ ಸೀಟು ಹಾಕಿ, ಪರ್ಜ್ ಐವತ್ತು ಸಲ ಒತ್ತಿ ಸೀಟಿಗೆ ಅಂಚಿನ ಗುರುತು ಕೂರಿಸಿ, ಆಮೇಲೆ ಐಪಿ ಅಳೆದು ಶಿಮ್ ಸರಿಮಾಡಿದ್ದು. ಈ ಕೆಲಸವನ್ನು ತರಬೇತಿ ಪಡೆದವರು, ಆ ಮಾಡೆಲಿನ ಕೈಪಿಡಿ ಎದುರಿಟ್ಟುಕೊಂಡೇ ಮಾಡಬೇಕು. ಐಪಿ ನೋಡುವುದನ್ನಂತೂ ಕ್ಲಬ್ಬಿನ ಪ್ರತಿಯೊಬ್ಬರೂ ಕಲಿಯಬಹುದು.

ಶನಿವಾರ ಸಂಜೆ ಪರೀಕ್ಷೆಗೆ ಸಮಯ ಸಿಕ್ಕಿದ್ದು ವೇಳಾಪಟ್ಟಿ ಬದಲಿಸಿದ್ದರಿಂದ. ಎರಡೂ ಡೈವ್ ಶನಿವಾರವೇ ಮುಗಿಸಿ, ಭಾನುವಾರ ಸಂಜೆ ಘಟ್ಟ ಹತ್ತುವುದು. ಪುನರಾವರ್ತಿತ ಡೈವ್ ನಂತರ ವಿಮಾನಕ್ಕೆ 18 ಗಂಟೆ ಕಾಯಿರಿ ಎಂಬ ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಡೈವಿಂಗ್ ಸುರಕ್ಷತಾ ಸಂಸ್ಥೆ) ಸಲಹೆ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಹೇಳಿದ್ದು. ಬೆಂಗಳೂರು ಇರುವುದೇ 900 ಮೀಟರಿನಲ್ಲಿ. ಭಾನುವಾರ ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ಬಸ್ ಹತ್ತುವ ರೂಢಿ ನಿಲ್ಲಬೇಕು.

ಮುಂದಿನ ಯೋಜನೆ ಐಪಿಯನ್ನು ತಾನೇ ದಾಖಲಿಸುವ ಲಾಗರ್. 0ಯಿಂದ 16 ಬಾರ್‌ನ ಪ್ರೆಶರ್ ಸೆನ್ಸರ್, ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಚಿಪ್), ಇನ್‌ಫ್ಲೇಟರ್ ನಿಪ್ಪಲ್. ಸೆಕೆಂಡಿಗೊಂದು ರೀಡಿಂಗ್, ಹೋಸಿನ ತಾಪಮಾನವೂ ಜೊತೆಗೆ, ಬಿಸಿಲಿನ ಲೆಕ್ಕ ಕಳೆಯಲು. ಸೆನ್ಸರ್ ಬಂದಾಗಿದೆ, ಆದರೆ ಮಾರಿದವರು ಬರೀ ‘ಕಾಲು ಇಂಚು’ ಎಂದು ಬರೆದಿದ್ದರು. ಬಂದದ್ದು ಬಿಎಸ್‌ಪಿ ಮಾದರಿಯ ತಿರುಪು, ಇಂಚಿಗೆ 19 ಎಳೆ. ನಮ್ಮ ಅಡಾಪ್ಟರ್ ಎನ್‌ಪಿಟಿ ಮಾದರಿಯದು, 18 ಎಳೆ. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ, ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಸೋರುತ್ತದೆ. ಸರಿಯಾದ ಅಡಾಪ್ಟರನ್ನು ಲೇಥಿನಲ್ಲಿ ಹಿತ್ತಾಳೆಯಿಂದ ಮಾಡಿಸಲು ಕೊಟ್ಟಿದೆ.

ಅಷ್ಟರಲ್ಲಿ 2ನೇ ನಂಬರ್ 200 ಬಾರ್ ಮೇಲೆ, ನೆರಳಲ್ಲಿ, ಹತ್ತು ನಿಮಿಷಕ್ಕೆ 9.3ರಿಂದ 9.5ಕ್ಕೆ ಏರಿದೆ. ಮಿತಿಯೊಳಗೇ ಇದೆ. ಮುಂದಿನ ಪ್ರವಾಸದಲ್ಲಿ ತುಂಬಿದ ಸಿಲಿಂಡರಿಗೆ ಮೊದಲು ಅದನ್ನೇ ಹಾಕುವುದು.