ಹಳೆ ಬೈಕ್ ಕೊಂಡ ಮೇಲೆ ನಾನು ನೋಡಿದ್ದು

ಮಾರುವವರೆಲ್ಲ "ಈಗಷ್ಟೇ ಸರ್ವಿಸ್ ಆಗಿದೆ" ಅಂತಲೇ ಹೇಳುತ್ತಾರೆ, ಅಲ್ವಾ? ಹೇಳಲಿ. ನಾನಂತೂ ಮೊದಲು ಎಂಜಿನ್ ಆಯಿಲ್ ಬದಲಿಸಿದೆ. ಹಳೆ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಕಪ್ಪಗಿದ್ದರೆ ಚಿಂತೆಯಿಲ್ಲ, ಲೋಹದ ಚೂರು ಹೊಳೆದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ಟೈರಿನ ಗ್ರಿಪ್ ಒಂದೇ ನೋಡಿದರೆ ಸಾಲದು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಮಳೆಯಲ್ಲಿ ಫ್ಲೈಓವರ್ ಮೇಲೆ ಪರೀಕ್ಷೆ ಮಾಡೋದು ಬೇಡ.

ನಮ್ಮ ಬೆಂಗಳೂರಿನ ಗುಂಡಿಗಳ ಏಟು ಜಾಸ್ತಿ ಬೀಳೋದು ಮುಂದಿನ ಭಾಗಕ್ಕೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ನಾಲ್ಕು ಸಲ ಒತ್ತಿ, ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಪೈಪ್ ಮೇಲೆ ಆಯಿಲ್ ಜಿನುಗಿದರೆ ಅದನ್ನು ತಡೆಯುವ ಸೀಲ್ ಹೋಗಿದೆ ಅಂತ ಅರ್ಥ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಟಕ್ ಅಂತ ಸಿಕ್ಕಿಕೊಂಡರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ. ಸ್ಪೇರ್ ಪಾರ್ಟ್ಸ್‌ಗೆ ಜೆ.ಸಿ. ರೋಡ್ ಇದ್ದೇ ಇದೆ, ಡೂಪ್ಲಿಕೇಟ್ ಬರದಂತೆ ನೋಡಿಕೊಳ್ಳಿ.

ಚೈನ್ ಸವೆದಿದ್ದರೆ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಸಮೇತ ಬದಲಿಸಿ. ಬ್ರೇಕ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಿ. ಆರ್‌ಸಿ ನಿಮ್ಮ ಹೆಸರಿಗೆ ಆಗುವ ಮೊದಲೇ ಹಳೆ ಚಲನ್ ಬಾಕಿ ಇದೆಯಾ ನೋಡಿ, ಆಮೇಲೆ ಮಾರಿದವರು ಫೋನ್ ಎತ್ತೋದು ಡೌಟು.