ಕೊನೆಯ ವಾರದ ಕಾವು: ಮೂಡಿಗೆರೆ ಇನ್‌ಕ್ಯುಬೇಟರ್, ಮುಂದಿನ ಭಾಗ

ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ತೆಗೆಯೋಕೆ ನಾನೇ ಕಟ್ಟಿದ ಪೆಟ್ಟಿಗೆ ಒಂದು ಹದಕ್ಕೆ ಬಂದಿದೆ. ಮೀನು ತುಂಬಿ ಬರುವ ದಪ್ಪ ಥರ್ಮೊಕೋಲ್ ಡಬ್ಬ, ಎರಡು ಬಲ್ಬು, ಹಳೇ ಕಂಪ್ಯೂಟರಿನ ಫ್ಯಾನ್, ಬಿಸಿಯನ್ನು ಹಿಡಿತದಲ್ಲಿಡುವ ಡಬ್ಲ್ಯು1209 ಥರ್ಮೋಸ್ಟಾಟ್. ಹೊರಗೆ ಆಷಾಢದ ಮಳೆ ಹೊಡೆಯುತ್ತಿದ್ದರೂ ಒಳಗೆ 37.5 ಡಿಗ್ರಿ ನಿಲ್ಲುತ್ತದೆ. ತೇವಾಂಶ ಮೊದಲ 18 ದಿನ ಶೇಕಡಾ 50ರಿಂದ 55, ಆಮೇಲೆ 65ರ ಮೇಲೆ. ನಮ್ಮ ಕಡೆ ಈ ತಿಂಗಳಲ್ಲಿ ಅದಕ್ಕೆ ನೀರಿನ ತಟ್ಟೆಯೂ ಹೆಚ್ಚು ಹೊತ್ತು ಬೇಡ. ಗಾಳಿಯೇ ಒದ್ದೆ.

ನಾಟಿ ಮೊಟ್ಟೆಗಳಿಂದ ಮರಿ ಚೆನ್ನಾಗಿಯೇ ಬರುತ್ತಿವೆ. ಅಮ್ಮನ ತಕರಾರು ಬೇರೆ. "ಮಿಷಿನ್ ಮರಿ ನೋಡೋಕೆ ಸೈ ಕಣೋ. ಮಳೆ ಹಿಡಿದ್ರೆ ಮೊದಲು ತೂಕಡಿಸೋದು ಅವೇ." ಹೇಂಟೆ ಕೂತು ತೆಗೆದ ಮರಿ ಗಟ್ಟಿ, ಪೆಟ್ಟಿಗೆಯ ಮರಿ ನಾಜೂಕು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಸುಮ್ನೆ ಮಾತೋ, ಏನಾದರೂ ಇದೆಯೋ ಅಂತ ಹುಡುಕುತ್ತಾ ಹೋದೆ. ಈ ಸಲದ ಬದಲಾವಣೆಗಳೆಲ್ಲ ಅಲ್ಲಿಂದ ಬಂದವು.

ಮರಿಯ ರೋಗ ತಡೆಯುವ ಶಕ್ತಿ ಎರಡು ಕಡೆಯಿಂದ ಬರುತ್ತದೆ. ಒಂದು ತಾಯಿ ಕೊಡುವುದು. ಹೇಂಟೆಯ ಮೈಯಲ್ಲಿರುವ ಆ್ಯಂಟಿಬಾಡಿ, ಅಂದರೆ ರೋಗಾಣುಗಳನ್ನು ಹಿಮ್ಮೆಟ್ಟಿಸುವ ಪ್ರೋಟೀನು, ಮೊಟ್ಟೆಯ ಹಳದಿಯೊಳಗೆ ಸೇರಿರುತ್ತದೆ. ಮೊಟ್ಟೆ ಒಡೆಯುವ ಮುಂಚಿನ ದಿನಗಳಲ್ಲಿ ಮರಿ ಅದನ್ನು ಹೀರಿಕೊಳ್ಳುತ್ತದೆ. ಉಳಿದ ಹಳದಿ ಚೀಲ 19-20ನೇ ದಿನ ಹೊಕ್ಕುಳದ ಮೂಲಕ ಹೊಟ್ಟೆಯೊಳಗೆ ಹೋಗುತ್ತದೆ. ಕೋಳಿಗಳನ್ನು ಕೊಲ್ಲುವ ರಾಣಿಖೇತ್ ರೋಗದ ವಿರುದ್ಧ ಮೊದಲ ದಿನಗಳ ಕಾವಲು ಇದೇ.

ಇನ್ನೊಂದು ಮರಿಯ ಸ್ವಂತದ್ದು. ಕತ್ತಿನಲ್ಲಿ ಥೈಮಸ್ ಗ್ರಂಥಿ, ಮಲದ್ವಾರದ ಮೇಲ್ಗಡೆ ಬರ್ಸಾ ಅನ್ನೋ ಚೀಲ. ಬರ್ಸಾವನ್ನು ಇಟಲಿಯ ಫ್ಯಾಬ್ರಿಷಿಯಸ್ 400 ವರ್ಷದ ಹಿಂದೆಯೇ ಗುರುತಿಸಿದ್ದ. ಅದು ಯಾಕಿದೆ ಅಂತ ಗೊತ್ತಾಗಿದ್ದು ಮಾತ್ರ 1956ರಲ್ಲಿ, ಅದೂ ಆಕಸ್ಮಿಕವಾಗಿ. ಅಮೆರಿಕದ ಓಹಿಯೊದಲ್ಲಿ ಬ್ರೂಸ್ ಗ್ಲಿಕ್ ಪ್ರಯೋಗಕ್ಕೆಂದು ಬರ್ಸಾ ತೆಗೆದಿದ್ದ ಕೋಳಿಗಳನ್ನು ತಿಮೊಥಿ ಚಾಂಗ್ ಪಾಠಕ್ಕೆ ಬಳಸಿದರು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚುಚ್ಚಿದರೂ ಆ ಕೋಳಿಗಳಲ್ಲಿ ಆ್ಯಂಟಿಬಾಡಿ ಹುಟ್ಟಲಿಲ್ಲ. ದೊಡ್ಡ ವಿಜ್ಞಾನ ಪತ್ರಿಕೆ ಬೇಡ ಅಂದ ಲೇಖನ ಕೊನೆಗೆ ಕೋಳಿ ಸಾಕಣೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಕೋಳಿಯವರಿಗೆ ಹೆಮ್ಮೆ ಪಡೋಕೆ ಇದಕ್ಕಿಂತ ಇನ್ನೇನು ಬೇಕು! ಗಂಬೋರೊ ರೋಗ ಬಂದರೆ ಹಾಳಾಗುವುದೂ ಇದೇ ಚೀಲ.

ಆ್ಯಂಟಿಬಾಡಿ ಮಾಡುವ ಕಣಗಳ ಬೀಜ ಬರ್ಸಾಕ್ಕೆ ಬಂದು ನೆಲೆಸುವುದು ಸುಮಾರು 8ರಿಂದ 14ನೇ ದಿನದೊಳಗೆ. ಆಮೇಲೆ ಅಲ್ಲೇ ಬೆಳೆಯುತ್ತವೆ. ಅಂದರೆ ಪೆಟ್ಟಿಗೆಯ ಕಾವು ಹೆಚ್ಚುಕಮ್ಮಿ ಆಗುವ ಹೊತ್ತೂ ಇದೂ ಒಂದೇ.

ಇಲ್ಲೊಂದು ತಮಾಷೆ ಇದೆ. ಮೊದಲ ವಾರದಲ್ಲಿ ಗಾಳಿ ಮೊಟ್ಟೆಯನ್ನು ಬಿಸಿ ಮಾಡುತ್ತದೆ. 9-10ನೇ ದಿನ ದಾಟಿದ ಮೇಲೆ ಮೊಟ್ಟೆಯೇ ಗಾಳಿಯನ್ನು ಬಿಸಿ ಮಾಡುತ್ತದೆ. 18ನೇ ದಿನಕ್ಕೆ ಒಂದು ಫಾರಂ ಮೊಟ್ಟೆ 0.1 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಶಾಖ ಬಿಡುತ್ತದೆ. ಮೊಟ್ಟೆ ಒತ್ತೊತ್ತಾಗಿದ್ದು ಫ್ಯಾನ್ ಬಡವಾಗಿದ್ದರೆ, ಥರ್ಮೋಸ್ಟಾಟ್ 37.5 ತೋರಿಸುತ್ತಾ ಕೂತಿರುತ್ತದೆ, ಚಿಪ್ಪು 38.5 ದಾಟಿರುತ್ತದೆ. ಹ್ಯಾಚರಿಯವರು ಚಿಪ್ಪಿನ ಉಷ್ಣತೆಯನ್ನು ಕಿವಿಗೆ ಹಿಡಿಯುವ ಥರ್ಮಾಮೀಟರಿನಲ್ಲೇ ನೋಡುತ್ತಾರೆ. ನಾನೂ ಮೆಡಿಕಲ್ ಸ್ಟೋರಿನಿಂದ ಒಂದು ತಂದೆ. ಮೊಟ್ಟೆಯ ನಡುಭಾಗಕ್ಕೆ ಒತ್ತಿ ಹಿಡಿದರೆ ಸಾಕು. ಬೇಕಾದ್ದು 100 ಫ್ಯಾರನ್‌ಹೀಟ್, ಅಂದರೆ 37.8. ನಮ್ಮ ಪೆಟ್ಟಿಗೆಯಲ್ಲಿ ಬಲ್ಬಿನ ಬದಿಯ ಮೂಲೆ 102ರ ಆಸುಪಾಸು, ಬಾಗಿಲ ಬದಿ 100.

2005ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಚಿಪ್ಪಿನ ಉಷ್ಣತೆಯನ್ನು ಉದ್ದಕ್ಕೂ 37.8ಕ್ಕೆ ಹಿಡಿದು ಒಳ್ಳೆಯ ಫಲಿತಾಂಶ ಕಂಡಿದ್ದರು. ಕೊನೆಯ ವಾರ ಬಿಸಿ ಜಾಸ್ತಿಯಾದರೆ ಮರಿಯ ಹೃದಯ, ಲಿವರ್, ಕರುಳು ಸಣ್ಣದಾಗುತ್ತವೆ. ಹಳದಿ ಪೂರ್ತಿ ಒಳಗೆ ಹೋಗುವುದಿಲ್ಲ, ಹೊಕ್ಕುಳ ಸರಿಯಾಗಿ ಮುಚ್ಚುವುದಿಲ್ಲ. ತಾಯಿಯ ಆ್ಯಂಟಿಬಾಡಿ ಬರುವುದೇ ಹಳದಿಯಿಂದ, ಅಲ್ವಾ? ಇನ್ನು ಒತ್ತಡದಲ್ಲಿ ಉಕ್ಕುವ ಕಾರ್ಟಿಕೋಸ್ಟೆರೋನ್ ಹಾರ್ಮೋನು ಬರ್ಸಾ, ಥೈಮಸ್ ಎರಡನ್ನೂ ಕುಗ್ಗಿಸುತ್ತದೆ. ಹೀಗಾಗಿ ನಮ್ಮ ಬಿಸಿ ಮೂಲೆಯ ಮರಿಗಳೇ ನಾಜೂಕು ಅಂತ ನನ್ನ ಊಹೆ.

ತಂಪಾದರೂ ಕಷ್ಟ. ಅಮೆರಿಕದಲ್ಲಿ ವುಡ್ ಡಕ್ ಅನ್ನೋ ಕಾಡು ಬಾತಿನ ಮೊಟ್ಟೆಗಳನ್ನು ಮೂರು ಉಷ್ಣತೆಯಲ್ಲಿ ಕಾವಿಗಿಟ್ಟು ನೋಡಿದ್ದರು, 2012ರಲ್ಲಿ ಅದು ಪ್ರಕಟವಾಯಿತು. ಎಲ್ಲಕ್ಕಿಂತ ತಂಪಿನಲ್ಲಿ ಬೆಳೆದ ಮರಿಗಳು ಸಣ್ಣಗಿದ್ದವು, ರೋಗ ತಡೆಯುವ ಎರಡು ಪರೀಕ್ಷೆಯಲ್ಲೂ ಹಿಂದೆ ಬಿದ್ದವು. ಆದರೆ ಅದು ಉದ್ದಕ್ಕೂ ಇದ್ದ ತಂಪು. ಕರೆಂಟ್ ಹತ್ತಿಪ್ಪತ್ತು ನಿಮಿಷ ಹೋದರೆ ನಾನು ಈಗ ತಲೆ ಕೆಡಿಸಿಕೊಳ್ಳುವುದಿಲ್ಲ. ಹೇಂಟೆಯೂ ಮೇವಿಗೆ, ನೀರಿಗೆ ಅಷ್ಟು ಹೊತ್ತು ಎದ್ದು ಹೋಗುತ್ತದೆ. ರಾತ್ರಿಯಿಡೀ ಹೋಗುವ ನಮ್ಮೂರ ಕರೆಂಟಿಗೆ ಮಾತ್ರ ಬೇರೆ ಉಪಾಯ: ಬಿಸಿನೀರಿನ ಬಾಟಲಿ ಒಳಗೆ, ಕಂಬಳಿ ಮೇಲೆ. ಇನ್ವರ್ಟರಿಗೆ ದುಡ್ಡು ಕಾಫಿ ಮಾರಿದ ಮೇಲೆ.

ಈ ಸಲ ಮಾಡಿದ್ದು ಇಷ್ಟು. ಸೆನ್ಸರ್ ಗೋಡೆಯಿಂದ ಬಿಡಿಸಿ ಮೊಟ್ಟೆಗಳ ಮಟ್ಟಕ್ಕೆ ತಂದೆ. ಬಲ್ಬಿಗೆ ತಗಡಿನ ಮರೆ ಕಟ್ಟಿದೆ. ಮೊಟ್ಟೆಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟೆ. 12ನೇ ದಿನದಿಂದ ಥರ್ಮೋಸ್ಟಾಟನ್ನು ಚಿಪ್ಪಿನ ಲೆಕ್ಕದಲ್ಲಿ ಇಳಿಸುತ್ತಾ ಬಂದೆ, ಕೊನೆಗೆ 37ಕ್ಕೆ ನಿಂತಿತು. ಮೂಲೆ ಮೂಲೆಯ ವ್ಯತ್ಯಾಸ ಒಂದು ಫ್ಯಾರನ್‌ಹೀಟಿನೊಳಗೆ ಬಂತು. ಹೊರಬಂದ ಮರಿಗಳ ಹೊಕ್ಕುಳ ಒಣಗಿ ಮುಚ್ಚಿತ್ತು, ಹೊಟ್ಟೆ ಮೆತ್ತಗಿತ್ತು.

ಅಮ್ಮ ಇದನ್ನೆಲ್ಲ ಕೇಳಿ, "ಕಾವು ಒಂದೇ ಅಲ್ಲ, ತಾಯಿ ಜೊತೆ ಕೆದಕೋದೂ ಇರುತ್ತೆ" ಅಂದರು. ಅದೂ ನಿಜವೇ. ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾ ಮರಿಗೆ ಸಿಕ್ಕರೆ ಸಾಲ್ಮೊನೆಲ್ಲಾ ಸುಲಭವಾಗಿ ನೆಲೆಯೂರುವುದಿಲ್ಲ ಅಂತ ಫಿನ್‌ಲೆಂಡಿನ ನೂರ್ಮಿ ಮತ್ತು ರಂತಾಲಾ 1973ರಲ್ಲೇ ತೋರಿಸಿದ್ದಾರೆ. ಪೆಟ್ಟಿಗೆಯ ಮರಿಗೆ ಆ ಬಳುವಳಿ ಇಲ್ಲ.

ಹಾಗಾಗಿ ಮುಂದಿನ ಬ್ಯಾಚಿಗೆ ಎರಡನ್ನೂ ಬೇರೆ ಮಾಡಿ ನೋಡಬೇಕು. ಒಂದೇ ಗುಂಪಿನ ಮೊಟ್ಟೆಗಳಲ್ಲಿ ಅರ್ಧ ಪೆಟ್ಟಿಗೆಗೆ, ಅರ್ಧ ಹೇಂಟೆಗೆ. ಒಡೆದ ರಾತ್ರಿಯೇ ಪೆಟ್ಟಿಗೆಯ ಮರಿಗಳನ್ನೂ ಅದೇ ಹೇಂಟೆಯ ರೆಕ್ಕೆ ಕೆಳಗೆ ಸೇರಿಸುವುದು, ಕಾಲಿಗೆ ಬಣ್ಣದ ದಾರ ಕಟ್ಟಿ ಗುರುತು. ಸಾಕಣೆ ಒಂದೇ ಆಗುತ್ತದೆ, ಕಾವು ಮಾತ್ರ ಬೇರೆ. ತೂಕ, ಮೊದಲ ತಿಂಗಳ ಸಾವು ಇವನ್ನು ನಾನೇ ಬರೆದಿಡಬಹುದು. ಲಸಿಕೆ ಹಾಕಿದ ಮೇಲೆ ಆ್ಯಂಟಿಬಾಡಿ ಎಷ್ಟಿದೆ ಅಂತ ಅಳೆಯುವುದು ಲ್ಯಾಬಿನ ಕೆಲಸ, ಹಾಸನದ ವೆಟರ್ನರಿ ಕಾಲೇಜಿನಲ್ಲಿ ಕೇಳಿ ನೋಡುತ್ತೇನೆ. ಸದ್ಯಕ್ಕೆ ತೊಡಕು ಒಂದೇ. ಹೇಂಟೆಗಳಲ್ಲಿ ಯಾವುದೂ ಕಾವಿಗೆ ಕೂರುವ ಲಕ್ಷಣ ತೋರಿಸುತ್ತಿಲ್ಲ.