ಹೆಸರಿನ ಮೊದಲ ಅಕ್ಷರ

ಕನ್ನಡ ಮಾಧ್ಯಮದಲ್ಲಿ ಐದನೆಯ ತರಗತಿ ಓದುತ್ತಿರುವ ಅಕ್ಕನ ಮಗಳು ತನ್ನ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ತನ್ನ ಹೆಸರನ್ನೇ ಸಣ್ಣ ಎಬಿಸಿಡಿಯಲ್ಲಿ ಬರೆದಿದ್ದಳು. ತಿದ್ದಲು ಕುಳಿತಾಗ, "ಮಾಮ, ಕನ್ನಡದಲ್ಲಿ ಹೆಸರಿಗೆ ದೊಡ್ಡ ಅಕ್ಷರವೇ ಇಲ್ಲವಲ್ಲ, ಇಂಗ್ಲಿಷಿಗೆ ಯಾಕೆ ಬೇಕು?" ಎಂದು ಕೇಳಿದಳು. ಅದು ನಿಯಮವೆಂದು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರವು ವ್ಯಕ್ತಿಯ ಹೆಸರನ್ನು ಸಾಮಾನ್ಯ ಪದದಿಂದ ಬೇರ್ಪಡಿಸುತ್ತದೆ; ಕನ್ನಡದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ. 'ಕಮಲ ಅರಳಿತು' ಎಂದರೆ ಹೂವು, 'ಕಮಲ ನಕ್ಕಳು' ಎಂದರೆ ಹುಡುಗಿ. 'ಕಮಲವನ್ನು ಕಂಡೆ', 'ಕಮಲಳನ್ನು ಕಂಡೆ' ಎಂಬಲ್ಲಿ ವಿಭಕ್ತಿಗೆ ಮುಂಚೆ ಬರುವ ಒಂದೇ ಅಕ್ಷರದಿಂದ ಒಂದು ಬಗೆಯದಕ್ಕೆಲ್ಲ ಸಲ್ಲುವ ರೂಢನಾಮ ಯಾವುದು, ಒಬ್ಬರಿಗೆಂದು ಇಟ್ಟ ಅಂಕಿತನಾಮ ಯಾವುದು ಎಂಬುದು ತಿಳಿದುಬಿಡುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ರೋಸ್ ಹೂವೂ ಹೌದು, ಹೆಣ್ಣಿನ ಹೆಸರೂ ಹೌದು. ಸ್ಮಿತ್ ಎಂದರೆ ಕಮ್ಮಾರ, ಅದೇ ಮನೆತನದ ಹೆಸರೂ ಆಗಿದೆ. ಬರಹದಲ್ಲಿ ಇವುಗಳನ್ನು ಕಂಡ ಕೂಡಲೇ ಬೇರ್ಪಡಿಸುವುದು ಮೊದಲ ಅಕ್ಷರದ ಗಾತ್ರ. ಈ ನಿಯಮವನ್ನು ನಮ್ಮ ಮಕ್ಕಳಿಗೆ ಅವರು ಆಗಲೇ ಬಲ್ಲ ಅಂಕಿತನಾಮದ ಮೂಲಕವೇ ಕಲಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಸಂಬಂಧವಾಚಕಗಳಲ್ಲಿ ಇದು ಇನ್ನೂ ಸ್ಪಷ್ಟ. 'ಮೈ ಮದರ್' ಎಂದಾಗ ಮದರ್ ಸಣ್ಣ ಅಕ್ಷರದ ಪದ. ಹೆಸರಿನ ಬದಲಿಗೆ 'ಮದರ್' ಎಂದೇ ಕರೆದಾಗ ದೊಡ್ಡ ಅಕ್ಷರ ಬೇಕು.

ಓದುವ ದಿನಗಳಲ್ಲಿ ನನ್ನನ್ನು ಕಾಡಿದ್ದು ವಿಜ್ಞಾನದ ಪಾಠ. ಐಸಾಕ್ ನ್ಯೂಟನ್ ಎಂಬ ವ್ಯಕ್ತಿಗೆ ದೊಡ್ಡ ಅಕ್ಷರ ಬೇಕು, ಆದರೆ ಬಲದ ಮಾನವಾದ ನ್ಯೂಟನ್ನನ್ನು ಪೂರ್ತಿ ಬರೆಯುವಾಗ ಸಣ್ಣ ಅಕ್ಷರವೇ ಸರಿ. ಅದರ ಸಂಕೇತವಾದ ಎನ್ ಮಾತ್ರ ಮತ್ತೆ ದೊಡ್ಡದು. ವ್ಯಾಟ್, ಪಾಸ್ಕಲ್‌ಗಳಿಗೂ ಇದೇ ಕ್ರಮ. ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಿಗ್ರಿ ಸಣ್ಣದು, ಸೆಲ್ಸಿಯಸ್ ದೊಡ್ಡದು. ಸತ್ಯೇಂದ್ರನಾಥ ಬೋಸರ ಹೆಸರಿನಿಂದ ಬಂದ ಬೋಸಾನ್ ಒಂದು ಬಗೆಯ ಕಣಗಳಿಗೆಲ್ಲ ಸಲ್ಲುವ ರೂಢನಾಮವಾಗಿರುವುದರಿಂದ ಸಣ್ಣ ಅಕ್ಷರದಲ್ಲಿದೆ. ರಾಮನ್ ಪರಿಣಾಮ ಎಂಬಲ್ಲಿ ರಾಮನ್ ಇನ್ನೂ ವ್ಯಕ್ತಿಯ ಹೆಸರಾಗಿಯೇ ಉಳಿದು ದೊಡ್ಡ ಅಕ್ಷರವನ್ನು ಕಾಯ್ದುಕೊಂಡಿದೆ.

ಅವಳಿಗೆ ಇಷ್ಟೆಲ್ಲ ಈಗಲೇ ಬೇಡವೆನಿಸಿತು. ಹೂವಾದ ರೋಸ್ ಮತ್ತು ಹುಡುಗಿಯಾದ ರೋಸ್ ಇರುವ ಆರು ವಾಕ್ಯಗಳನ್ನು ಬರೆದುಕೊಟ್ಟೆ; ಪ್ರತಿಯೊಂದನ್ನೂ ಮೊದಲು ಕನ್ನಡದಲ್ಲಿ ಹೇಳಿಕೊಂಡು, ಅನಂತರ ಅಕ್ಷರವನ್ನು ಆರಿಸಿದಳು.